ಹಲ್ಲು ತೋರಿಸು ಅನ್ನದೆ

ವಾರಕ್ಕೆ ಐದು ದಿನ ನನ್ನ ಕೆಲಸವೇ ಅದು:
ಕುತಾಯಿಸಿಯ ಹಲ್ಲಿನ ಆಸ್ಪತ್ರೆಯ ಎರಡನೇ ಕೋಣೆಯಲ್ಲಿ
ದೀಪ ಬಗ್ಗಿಸಿ ಹಿಡಿದು, "ಆ ಅನ್ನು ಪುಟ್ಟಾ, ಇನ್ನೂ ಅಗಲ"
ಎನ್ನುವುದು.
ಈ ಬೀದಿಯ ಎಷ್ಟೋ ಮಕ್ಕಳ ದವಡೆ ನನಗೆ ಬಾಯಿಪಾಠ;
ಮುಖ ಕೇಳಿದರೆ ತಡವರಿಸುತ್ತೇನೆ.

ಬಹುಶಃ ಅದಕ್ಕೇ ಕ್ಯಾಮೆರಾ ಕೊಂಡೆ,
ಸಂತೆಯಲ್ಲಿ, ಚೀಸ್ ಮಾರುವವಳ ಪಕ್ಕದ ಮೇಜಿನಿಂದ,
ಮೂಲೆ ಸವೆದದ್ದು, ಪಟ್ಟಿಯಲ್ಲಿ ಯಾರದೋ ಬೆವರಿನ ಕಲೆ.
ಭಾನುವಾರ ಮಟಮಟ ಮಧ್ಯಾಹ್ನ
ವಠಾರದ ಅಂಗಳದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ.
"ನಗಿ" ಎಂದೆ. ನಕ್ಕರು.
ಕಣ್ಣಿದ್ದಲ್ಲೆಲ್ಲ ಕಪ್ಪು ಗುಳಿ,
ಮೂಗಿನ ಕೆಳಗೆ ನೆರಳಿನ ಮೀಸೆ,
ಹಲ್ಲು ಮಾತ್ರ ಢಾಳಾಗಿ, ನನ್ನ ಕುರ್ಚಿಯಲ್ಲಿ ಕೂತಂತೆ.
ಸಾಂದ್ರೊನ ನೆತ್ತಿಯಿಂದ ಕರೆಂಟಿನ ಕಂಬವೊಂದು ಮೊಳೆತಿತ್ತು.
ಅವನ ಅಜ್ಜಿ ಅದನ್ನು ನೋಡಿ
ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ಆಮೇಲೆ ಕಲಿತದ್ದೆಲ್ಲ ನಾನೇ ಕಲಿತೆ ಅಂದರೆ ಸುಳ್ಳು.
ಒಂದಿಷ್ಟು ಪುಸ್ತಕದಿಂದ. ಮಂಡಿಯೂರು, ಎಂದಿತ್ತು ಅದರಲ್ಲಿ;
ಊರಿದೆ. ನಲವತ್ತೊಂಬತ್ತು ವರ್ಷದ ಮಂಡಿ
ಕಲ್ಲುಹಾಸಿನ ಮೇಲೆ ಲಟಕ್ಕೆಂದಿತು.
ಅಲ್ಲಿಂದ ಕಂಡ ಅಂಗಳವೇ ಬೇರೆ:
ಗಂಡಸರು ಪಗಡೆಯಾಡುವ ಮೇಜಿನ ತಳದಲ್ಲಿ
ಅಂಟಿಸಿ ಒಣಗಿದ ಚೂಯಿಂಗ್ ಗಮ್,
ಬೆಕ್ಕು ನನಗೆ ಸರಿಸಮಾನ,
ದೊಡ್ಡವರೆಲ್ಲ ಬರೀ ಬೆಲ್ಟು, ಚೀಲ, ಅವಸರ.
ಇಷ್ಟೇ ಎತ್ತರದಿಂದ ತಾನೆ ಇವರು
ನನ್ನ ದೀಪವನ್ನೂ ನೋಡುವುದು.

ಮೇ ತಿಂಗಳು ಪೂರ್ತಿ ಗಿಗನ ಕಿವಿ ತೆಗೆದೆ.
ಕಣ್ಣಿಗೆ ಇಟ್ಟ ಗುರಿ ಜಾರಿ ಕಿವಿಯ ಮೇಲೆ ಕೂರುತ್ತಿತ್ತು.
ಎಂಥ ಕಿವಿ! ನವಿರು ಕೂದಲು ಒಂದೊಂದೂ ಎಣಿಸಬಹುದು.
ಅವನ ತಾಯಿ ಅದಕ್ಕೂ ಕಟ್ಟು ಹಾಕಿಸಿದಳು, ಪಾಪ.

ತೆಕ್ಲೆ ಮಾತ್ರ ಸಿಗಲಿಲ್ಲ.
ಏಳು ವರ್ಷ, ಮುಂದಿನೆರಡು ಹಲ್ಲಿಲ್ಲ;
ಕ್ಯಾಮೆರಾ ಕಂಡರೆ ಅಂಗೈ ಬಾಯಿಗೆ.
ನಾನೂ ಒತ್ತಾಯ ಮಾಡಲಿಲ್ಲ. ಹೇಗೆ ಮಾಡಲಿ,
ಆ ಹಲ್ಲು ಕೀಳುವಾಗ ಇಕ್ಕಳ ಎತ್ತಿಕೊಟ್ಟವಳು ನಾನೇ.

ಜೂನಿನ ಒಂದು ಸಂಜೆ, ಆರೂವರೆ ಇರಬೇಕು,
ಮೂರನೇ ಮಹಡಿಯ ಈತೆರಿ ಬಟ್ಟೆ ಒಣಹಾಕಿದ್ದಳು,
ಬಾಲ್ಕನಿಯಿಂದ ಹಿಪ್ಪುನೇರಳೆ ಮರದವರೆಗೆ ಹಗ್ಗ,
ಹಗ್ಗದ ತುಂಬ ಬಿಳಿ ಹಾಸಿಗೆವಸ್ತ್ರ.
ಬಿಸಿಲು ಅದಕ್ಕೆ ಬಡಿದು, ಸಿಟ್ಟು ಇಳಿಸಿಕೊಂಡು,
ಮರದಡಿಯ ನೆರಳಿಗೆ ಹಾಲಿನಂತೆ ಹರಿಯುತ್ತಿತ್ತು.
ತೆಕ್ಲೆ ಅಲ್ಲಿ ಕೂತು ಉದುರಿದ ಹಣ್ಣು ಎಣಿಸುತ್ತಿದ್ದಳು,
ಬೆರಳೆಲ್ಲ ನೇರಳೆ.
ಮಂಡಿಯೂರಿದೆ. ಸುಮ್ಮನಿದ್ದೆ. ನಾನೂ ಎಣಿಸಿದೆ.
ಇಪ್ಪತ್ತಮೂರಕ್ಕೆ ಅವಳು ತಪ್ಪಿದಳು, ನಾನು ತಿದ್ದಲಿಲ್ಲ.

"ನಾತೆಲಾ ಅತ್ತೆ," ಅಂದಳು, ತಲೆಯೆತ್ತದೆ,
"ಅಜ್ಜಿ ನನ್ನ ಹಲ್ಲನ್ನ ಛಾವಣಿಗೆ ಎಸೆದಳು.
ಇಲಿಗೆ ಸಿಕ್ಕಿತೋ, ಮಳೆನೀರಲ್ಲಿ ಹೋಯಿತೋ?"
ಆಗ ತಲೆಯೆತ್ತಿದಳು, ಛಾವಣಿಯತ್ತ.
ಕೈ ಬಾಯಿಗೆ ಹೊರಟದ್ದು ದಾರಿಯಲ್ಲೇ ಮರೆತು ನಿಂತಿತು.
ಒತ್ತಿದೆ.

ಪುಸ್ತಕದ ಲೆಕ್ಕಕ್ಕೆ ಚಿತ್ರ ಪಾಸಾಗುವುದಿಲ್ಲ.
ಕೈ ಅಲುಗಿ ನೇರಳೆ ಮಂಜು; ಎಡಕ್ಕೆ ಯಾರದೋ ಕಾಲುಚೀಲ ನೇತಾಡುತ್ತಿದೆ.
ಆದರೆ ಎರಡು ಕಣ್ಣಲ್ಲೂ
ಈತೆರಿಯ ಹಾಸಿಗೆವಸ್ತ್ರ, ಸಾಸಿವೆಯಷ್ಟು, ಬೆಳ್ಳಗೆ;
ಹಲ್ಲಿಲ್ಲದ ಆ ಸಂದಿನಲ್ಲಿ
ಪ್ರಶ್ನೆ ಇನ್ನೂ ಒದ್ದೆಯಾಗಿದೆ.

ತೋರಿಸಿದೆ. ಬಹಳ ಹೊತ್ತು ನೋಡಿದಳು.
"ನೀನು ಉತ್ತರ ಹೇಳಲೇ ಇಲ್ಲ" ಅಂದಳು.

ಸೋಮವಾರ ಕುರ್ಚಿಯಲ್ಲಿ ಹೊಸ ಹುಡುಗ,
ಹಿಡಿಕೆ ಹಿಡಿದ ಬೆರಳು ಬಿಳುಚಿದ್ದವು.
ಯಾಕೋ ದೀಪವನ್ನು ಗೋಡೆಗೆ ತಿರುಗಿಸಿದೆ.
"ನಾತೆಲಾ, ನನಗೇನೂ ಕಾಣಿಸುತ್ತಿಲ್ಲ" ಎಂದರು ಡಾಕ್ಟರು.
ಒಂದು ನಿಮಿಷ, ಎಂದೆ.
ಅವನ ಎಡಗಣ್ಣಿನ ಪಕ್ಕ ಒಂದು ಮಚ್ಚೆಯಿತ್ತು.